ಸೆರಗಿನಡಿಯಲ್ಲಿ ಹಿಡಿದ ಬೆರಳುಗಳು

ಏಳೆಂಟು ವರ್ಷಗಳ ಹಿಂದಿನ ಬೇಸಿಗೆ. ಆಗ ನಾನು ಧಾರವಾಡದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಇಂಧನ ಅರ್ಥಶಾಸ್ತ್ರದ ಕೆಲಸದಲ್ಲಿದ್ದೆ. ಇಳಕಲ್ಲಿನ ನೇಕಾರರ ಒಂದು ಓಣಿಗೆ ಸೋಲಾರ್ ವಿದ್ಯುತ್ ಕೊಡುವ ಯೋಜನೆ ನಮ್ಮಲ್ಲಿಗೆ ಬಂದಿತ್ತು. ಪ್ಯಾನೆಲ್, ಬ್ಯಾಟರಿ ಎಲ್ಲ ಪುಕ್ಕಟೆ. ಆದರೆ ಅವುಗಳ ನಿರ್ವಹಣೆಯ ಖರ್ಚನ್ನು ಓಣಿಯವರೇ ತಿಂಗಳು ತಿಂಗಳು ಕೊಡಬೇಕು. ಅದಕ್ಕೆ ಒಪ್ಪದಿದ್ದರೆ ಯೋಜನೆ ಬೇರೆ ಊರಿಗೆ ಹೋಗುತ್ತದೆ. ಜನ ಎಷ್ಟು ಕೊಟ್ಟಾರು ಎಂದು ತಿಳಿದು ವರದಿ ಬರೆಯುವುದು ನನ್ನ ಕೆಲಸ. ನಮ್ಮ ಶಾಸ್ತ್ರದಲ್ಲಿ ಇದಕ್ಕೆ ‘ವಿಲಿಂಗ್‌ನೆಸ್ ಟು ಪೇ’ ಎನ್ನುತ್ತಾರೆ. ಇನ್ನೂ ಕೈಗೆ ಬಾರದ ವಸ್ತುವಿಗೆ ಎಷ್ಟು ಕೊಡುತ್ತೀರಿ ಎಂದು ಜನರನ್ನೇ ಕೇಳುವುದು, ಅಷ್ಟೇ. ಹೇಳುವುದಕ್ಕೇನು, ಸುಲಭ.

ಹುನಗುಂದ ನನ್ನ ತವರು. ಬೆಳಿಗ್ಗೆ ಅತ್ತಿಗೆ ಬಡಿದ ಬಿಸಿ ರೊಟ್ಟಿ ತಿಂದು, ಬಸ್ಸು ಹತ್ತಿ ಇಳಕಲ್ಲಿಗೆ ಹೋಗಿ ಬರಬಹುದು. ಕೆಲಸ ನನ್ನ ಪಾಲಿಗೆ ಬಂದಾಗ ಒಳಗೊಳಗೇ ಕುಣಿದಿದ್ದೆ.

ಮೊದಲ ದಿನ ಓಣಿಯ ಹಿರಿಯ ಸಂಗಪ್ಪನವರ ಕಟ್ಟೆಯ ಮೇಲೆ ಕೂತು ಎಲ್ಲ ವಿವರಿಸಿದೆ. ಅವರು ಎಲೆ ಅಡಿಕೆ ಮೆಲ್ಲುತ್ತ ಪೂರ್ತಿ ಕೇಳಿದರು. ಆಮೇಲೆ, “ಒಂದ್ ಪೈಸಾನೂ ಕೊಡೂದಿಲ್ರಿ. ಹಂಗ ಕೊಡೂದಿದ್ರ ಕೊಡ್ರಿ, ಇಲ್ಲಂದ್ರ ಬಿಡ್ರಿ” ಎಂದರು. ಮುಗಿಯಿತು. ಯಾವ ಮನೆಗೆ ಹೋದರೂ ಅದೇ ಉತ್ತರ. ನಾನು ಎಲ್ಲಿಗೆ ಹೋದರೂ ಹಿಂದೆ ಅರ್ಧ ಓಣಿ ಬರುತ್ತಿತ್ತು. ಗೋಡೆಗೆ ಗೋಡೆ ಹತ್ತಿದ ಮನೆಗಳು. ಪಿಸುಮಾತೂ ಆಚೆ ಕೇಳುತ್ತದೆ.

ಸಂಗಪ್ಪನವರ ತಮ್ಮನ ಹೆಂಡತಿ ಗೌರವ್ವ ಅದೇ ಅಂಗಳದ ಇನ್ನೊಂದು ಪಾಲಿನಲ್ಲಿದ್ದರು. ಇಳಕಲ್ ಸೀರೆಯ ಮೈಯ ಎಳೆಗೂ ಸೆರಗಿನ ಎಳೆಗೂ ಒಂದೊಂದಾಗಿ ಕುಣಿಕೆ ಹಾಕಿ ಜೋಡಿಸಬೇಕು. ಅದಕ್ಕೆ ಕೊಂಡಿ ಎನ್ನುತ್ತಾರೆ. ಗೌರವ್ವನದು ಅದೇ ಕೆಲಸ. ನಾನು ಎದುರಿಗಿದ್ದಾಗಲೇ ಕರೆಂಟ್ ಹೋಯಿತು, ಅವರ ಬೆರಳು ನಿಂತವು.

“ಕಣ್ಣು ಮೊದಲಿನಂಗ ಇಲ್ರಿ ಅಕ್ಕಾರ. ಬೆಳಕಿಲ್ಲಂದ್ರ ಎಳಿ ಕಾಣೂದಿಲ್ಲ. ಹಿಂಗಾದ್ರ ಈ ಕೆಲಸಾ ಬಿಡೂದ ಆಗ್ತೈತಿ” ಎಂದರು.

ಹಾಗಾದರೆ ನೀವೆಷ್ಟು ಕೊಡುತ್ತೀರಿ ಎಂದು ಕೇಳಿದೆ. ಗೌರವ್ವ ಅಂಗಳದ ಕಡೆಗೊಮ್ಮೆ ನೋಡಿ, “ಭಾವಾರು ಹೇಳ್ಯಾರಲ್ರಿ” ಎಂದು ತಲೆ ತಗ್ಗಿಸಿದರು.

ವಾರದ ಕೊನೆಗೆ ನನ್ನ ಹಾಳೆಗಳಲ್ಲಿ ಬರೀ ಸೊನ್ನೆ. ಬೇಡವೆನ್ನುವವರಿಗೆ ಯಾಕೆ, ಬೇರೆ ಊರು ನೋಡೋಣ ಎಂದು ಮೇಲಿನವರು ಫೋನು ಮಾಡಿದರು. ನನಗೆ ಅಳುವೇ ಬಂತು. ಬೇಡ ಎಂದವರು ಯಾರು? ಗೌರವ್ವ ಬೇಡ ಎಂದಿರಲಿಲ್ಲ.

ರವಿವಾರ ತವರಿನ ಪಡಸಾಲೆಯಲ್ಲಿ ಮುಖ ಸಪ್ಪೆ ಮಾಡಿಕೊಂಡು ಕೂತಿದ್ದೆ. ಎದುರಿನ ಗೂಟಕ್ಕೆ ಅಪ್ಪನ ವಲ್ಲಿ ತೂಗುಬಿದ್ದಿತ್ತು. ಅಪ್ಪ ಮೊದಲು ದನದ ಸಂತೆಯಲ್ಲಿ ದಲಾಲಿ ಮಾಡುತ್ತಿದ್ದ. ಎತ್ತಿನ ಬೆಲೆಯನ್ನು ಅಲ್ಲಿ ಬಾಯಿಬಿಟ್ಟು ಹೇಳುವುದಿಲ್ಲ. ಹೆಗಲ ಮೇಲಿನ ವಲ್ಲಿಯನ್ನು ಕೈಗಳ ಮೇಲೆ ಹೊದಿಸಿ, ಒಳಗೊಳಗೇ ಬೆರಳು ಹಿಡಿದು ಹೇಳುತ್ತಾರೆ. ಸುತ್ತ ನೂರು ಮಂದಿ ನಿಂತಿದ್ದರೂ ಗೊತ್ತಾಗುವುದು ಇಬ್ಬರಿಗೇ. ಸಣ್ಣವಳಿದ್ದಾಗ ಅವನ ಬೆನ್ನು ಹತ್ತಿ ಸಂತೆಗೆ ಹೋಗಿ, “ಎಷ್ಟಂದ್ರಪ್ಪಾ, ಎಷ್ಟಂದ್ರು?” ಎಂದು ಜೀವ ತಿನ್ನುತ್ತಿದ್ದೆ. “ಅದನ್ನ ಕೇಳಬಾರದು ಯವ್ವಾ” ಎಂದು ಕೈಗೆ ಬೆಂಡು ಬತ್ತಾಸು ಕೊಟ್ಟು ಬಾಯಿ ಮುಚ್ಚಿಸುತ್ತಿದ್ದ. ಆ ವಲ್ಲಿಯ ವಾಸನೆ, ಸಂತೆಯ ಧೂಳು, ಬತ್ತಾಸಿನ ಸಿಹಿ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಥಟ್ಟನೆ ಎದ್ದು ವಲ್ಲಿಯನ್ನು ಚೀಲಕ್ಕೆ ಹಾಕಿಕೊಂಡೆ.

ಮರುದಿನ ಅದೇ ಕಟ್ಟೆಯ ಮುಂದೆ, ಎಲ್ಲರೆದುರೇ, ಇನ್ನೊಮ್ಮೆ ಕೇಳುತ್ತೇನೆ, ಈ ಸಲ ವಲ್ಲಿಯ ಅಡಿಯಲ್ಲಿ ಬೆರಳು ಹಿಡಿದು ಹೇಳಿ ಎಂದೆ. ಒಂದು ಬೆರಳಿಗೆ ಇಷ್ಟು ಎಂದು ಮೊದಲೇ ತಿಳಿಸಿದೆ. ಓಣಿಗೆ ಓಣಿಯೇ ನಕ್ಕಿತು. “ನಮ್ಮನ್ನೇನು ಎತ್ತು ಮಾಡೀರೇನ್ರಿ?” ಎಂದು ಸಂಗಪ್ಪನವರೇ ಮೊದಲು ಬಂದು ಕೂತರು. ಗಂಡಸರ ಕಡೆ, ಅವತ್ತು ಧಾರವಾಡದಿಂದ ಬಂದಿದ್ದ ನನ್ನ ಸಹೋದ್ಯೋಗಿಯೊಬ್ಬರು ವಲ್ಲಿ ಹಿಡಿದರು. ಹೆಂಗಸರ ಸರದಿ ಬಂದಾಗ ಗೌರವ್ವ, “ವಲ್ಲಿ ಗಂಡಸರಿಗಾತು, ನಮಗ ಸೆರಗ ಐತೆಲ್ರಿ” ಎಂದು ತಮ್ಮ ಸೆರಗನ್ನೇ ನಮ್ಮಿಬ್ಬರ ಕೈ ಮೇಲೆ ಹೊದಿಸಿದರು.

ಎಳೆ ತಿಕ್ಕಿ ತಿಕ್ಕಿ ಒರಟಾದ ಬೆರಳುಗಳು. ನನ್ನ ಬೆರಳುಗಳನ್ನು ಒಂದೊಂದಾಗಿ ಹಿಡಿದವು. ಆಯಿತು ಎಂದು ನಾನು ಕೈ ತೆಗೆಯಲು ಹೋದೆ, ಬಿಡಲಿಲ್ಲ. ಅಂಗಳದ ಕಡೆ ನೋಡದೆ, ನನ್ನ ಮುಖವನ್ನೇ ನೋಡುತ್ತ, ಇನ್ನೊಂದು ಬೆರಳನ್ನು ಗಟ್ಟಿಯಾಗಿ ಹಿಡಿದರು.

ಖರ್ಚಿಗೆ ಸಾಲುವಷ್ಟಕ್ಕಿಂತ ಹೆಚ್ಚೇ ಬಂತು. ಸಂಗಪ್ಪನವರದೂ ಸೊನ್ನೆ ಇರಲಿಲ್ಲ ಎಂದಷ್ಟು ಹೇಳಬಲ್ಲೆ. ಹಾಗಾದರೆ ಅವತ್ತು ಯಾಕೆ ಹಾಗೆಂದಿರಿ ಎಂದು ಕೇಳಿದ್ದಕ್ಕೆ, “ವ್ಯಾಪಾರದಾಗ ಮೊದಲನೇ ಮಾತಿಗೇ ಖರೇ ರೇಟ್ ಯಾರ್ ಹೇಳ್ತಾರ್ರಿ?” ಎಂದು ನನಗೇ ಬೈದರು. ನನ್ನ ವರದಿ ನೋಡಿ ಮೇಲಿನವರು ಮೊದಲು ಮುಖ ಸಿಂಡರಿಸಿದರು. ಗುಟ್ಟಾಗಿ ವೋಟು ಹಾಕುವುದಿಲ್ಲವೇ, ಇದೂ ಹಾಗೇ ಎಂದು ಪಟ್ಟು ಹಿಡಿದೆ. ಯೋಜನೆ ಆ ಓಣಿಗೇ ಉಳಿಯಿತು. ಮಳೆಗಾಲ ಕಳೆದ ಮೇಲೆ ನಾನು ಹೋದಾಗ ಗೌರವ್ವ ದೀಪದಡಿ ಕೂತು ಕೊಂಡಿ ಹಾಕುತ್ತಿದ್ದರು. ಊರಿನ ಉಳಿದ ಕಡೆ ಕರೆಂಟ್ ಹೋಗಿತ್ತು ಎಂದು ಓಣಿಯಿಂದ ಹೊರಗೆ ಬಂದಮೇಲೇ ಗೊತ್ತಾದದ್ದು.

ಪ್ರಶ್ನೆ ಎಷ್ಟು ಚೆನ್ನಾಗಿದೆ ಎಂಬುದಕ್ಕಿಂತ, ಉತ್ತರಿಸುವವರು ಯಾರ ಮುಂದೆ ಕೂತಿದ್ದಾರೆ ಎಂಬುದನ್ನು ಮೊದಲು ನೋಡಬೇಕು. ನನ್ನ ಕೆಲಸ ನನಗೆ ಕಲಿಸಿದ್ದು ಇದನ್ನೇ. ನಂಬಿ ಹೇಳಿದ್ದನ್ನು ಒಳಗೇ ಇಟ್ಟುಕೊಳ್ಳುವುದನ್ನೂ ಕಲಿಸಿತು.

ಅಪ್ಪ ಈಗಿಲ್ಲ. ಯೋಜನೆ ಮಂಜೂರಾದ ದಿನ ಹುನಗುಂದಕ್ಕೆ ಹೋಗಿ ಅವನಿಗೆ ಎಲ್ಲ ಹೇಳಿದ್ದೆ. ಹಿಗ್ಗಿ ಹೀರೇಕಾಯಿಯಾಗಿ, ಹತ್ತಿರ ಸರಿದು ಕೇಳಿದ, “ಆ ಗೌರವ್ವ ಎಷ್ಟಂದಳು?”

“ಅದನ್ನ ಕೇಳಬಾರದಪ್ಪಾ” ಎಂದೆ.

ಅಪ್ಪ, ನಾನು ಮರಳಿ ತಂದುಕೊಟ್ಟಿದ್ದ ವಲ್ಲಿಯನ್ನು ನೀಟಾಗಿ ಮಡಚಿ, ತಿರುಗಿ ನನ್ನ ಚೀಲದಲ್ಲೇ ಇಟ್ಟ.