ರಂಗೋಲಿಯ ಮೇಲೆ ಮೀನಿನ ತಲೆ

ನಾನು ಅಕ್ಕಸಾಲಿ. ಇಡೀ ಆಯಸ್ಸು ಮೂಗಿನಿಂದ ಗೇಣು ದೂರದೊಳಗಿನ ವಸ್ತುಗಳನ್ನೇ ನೋಡಿಕೊಂಡು ಬಂದವನು. ಐವತ್ತು ದಾಟಿದ ಮೇಲೆ ಒಂದು ವರ್ಷ ಮಾತ್ರ, ಸಂಕ್ರಾಂತಿಯಿಂದ ಬೇಸಿಗೆ ಮುಗಿಯುವವರೆಗೆ, ಕತ್ತೆತ್ತಿ ಆಕಾಶ ನೋಡಿದ್ದೇ ನೋಡಿದ್ದು. ಗಿರಾಕಿಗಳು ಬಂದು ನಮ್ಮ ಓಲೆ ಎಲ್ಲಿ ಎಂದರೆ ಹೆಂಡತಿ ಸುಮ್ಮನೆ ತಾರಸಿಯ ಕಡೆ ಕೈ ತೋರಿಸುತ್ತಿದ್ದಳು.

ಕಾರಣ, ನಮ್ಮ ಹಿತ್ತಲ ಬೇವಿನ ಮರದಲ್ಲಿ ಗೂಡು ಕಟ್ಟಿದ ಗರುಡನ ಜೋಡಿ. ನಮ್ಮ ಬಿಂಡಿಗನವಿಲೆಯಲ್ಲಿ ಗರುಡ ಎಂದರೆ ಬರೀ ಹಕ್ಕಿಯಲ್ಲ, ಗುಡಿಯಲ್ಲಿ ಪೂಜೆ ಮಾಡಿಸಿಕೊಳ್ಳುವ ದೇವರು. ಬಿಳಿ ಎದೆ, ಕೆಂಪು ರೆಕ್ಕೆ ಕಂಡರೆ ಸಾಕು, ಅವ್ವ ಹಿಡಿದ ಕೆಲಸ ಬಿಟ್ಟು ಕೆನ್ನೆ ಬಡಿದುಕೊಳ್ಳುತ್ತಿದ್ದಳು. ಅಂಥವು ಎರಡು ಬಂದು ನಮ್ಮ ಹಿತ್ತಲಲ್ಲೇ ಸಂಸಾರ ಹೂಡಿದ ಮೇಲೆ ಕೇಳಬೇಕೆ? ಬೀದಿಯ ಹೆಂಗಸರನ್ನೆಲ್ಲ ಕರೆದು ತೋರಿಸಿದಳು. ನಾನು ಬೆಳ್ಳಿ ಉಜ್ಜುವ ಬಟ್ಟೆಯನ್ನು ಅವು ತಂತಿಯ ಮೇಲಿಂದ ಎಗರಿಸಿ ಗೂಡಿಗೆ ಹಾಸಿಕೊಂಡಾಗ, ನಮ್ಮ ಮನೆ ಬಟ್ಟೆ ದೇವರಿಗೆ ಬಂತಲ್ಲ ಎಂದು ಹಿಗ್ಗಿದಳು.

ನಾನು ಮೈಸೂರಿನಿಂದ ಒಂದು ದುರ್ಬೀನು ತಂದುಕೊಂಡೆ. ಹೆಣ್ಣು ಕಾವಿಗೆ ಕೂತದ್ದು, ಗಂಡು ಕೆರೆ ಕಡೆಯಿಂದ ಬಂದು ಅವಳನ್ನು ಕೂಗುವುದು, ಅವಳು ಎದ್ದು ಹೋದಾಗ ಇವನು ಮೊಟ್ಟೆಯ ಮೇಲೆ ಕೂರುವುದು, ಎಲ್ಲವನ್ನೂ ನೋಡಿ ಅಡುಗೆಮನೆಗೆ ವರದಿ ಒಪ್ಪಿಸುತ್ತಿದ್ದೆ. ಗಂಡು ಬಹಳ ಹೊತ್ತು ಕೂರುವುದಿಲ್ಲ ಎಂದಾಗ ಹೆಂಡತಿಗೆ ಆಶ್ಚರ್ಯವೇನೂ ಆಗಲಿಲ್ಲ. ಶಿವರಾತ್ರಿಯ ಹೊತ್ತಿಗೆ ಗೂಡಿನ ಅಂಚಿನಲ್ಲಿ ಒಂದು ಬೂದು ಮರಿ ತಲೆಯೆತ್ತಿತು. ಅವತ್ತು ನನಗಾದ ಖುಷಿಗೆ ಬೀದಿಗೆಲ್ಲ ಸಕ್ಕರೆ ಹಂಚಿದೆ.

ತೊಂದರೆ ಆಮೇಲೆ ಶುರುವಾಯಿತು. ನಮ್ಮದು ಮೀನು, ಮಾಂಸ ಮುಟ್ಟದ ಮನೆ. ಪಕ್ಕದಲ್ಲಿ ಯಾರಾದರೂ ಮೀನು ಹುರಿದರೆ ಅವ್ವ ಕಿಟಕಿ ಮುಚ್ಚುವವಳು. ಅಂಥವಳು ಹಿತ್ತಲ ತುಳಸಿಯ ಮುಂದೆ ಆಗತಾನೆ ಬಿಟ್ಟ ರಂಗೋಲಿಯ ನಟ್ಟನಡುವೆ ಒಂದು ಬೆಳಗ್ಗೆ ಮೀನಿನ ತಲೆ ಬಿದ್ದಿತ್ತು. ಅವ್ವ ಬೆಕ್ಕನ್ನು ಬೈದಳು. ಮಾರನೆಯ ದಿನ ಏಡಿಯ ಕಾಲು ಬಿದ್ದಾಗ ಕಾಗೆಯನ್ನು ಬೈದಳು. ನನಗೂ ಹೆಂಡತಿಗೂ ವಿಷಯ ಗೊತ್ತಿತ್ತು, ಬಾಯಿ ಬಿಡಲಿಲ್ಲ. ಕೊನೆಗೆ ಅವ್ವನೇ ತಾರಸಿ ಹತ್ತಿ ಬಂದು ದುರ್ಬೀನು ಕಸಿದುಕೊಂಡು ನೋಡಿದಳು. ಗರುಡ ಮೀನನ್ನು ಕಾಲಲ್ಲಿ ಅದುಮಿ ಸಿಗಿದು ಮರಿಯ ಬಾಯಿಗಿಡುತ್ತಿತ್ತು. ಬಹಳ ಹೊತ್ತು ನೋಡಿ, ದುರ್ಬೀನನ್ನು ನನ್ನ ಕೈಗೆ ಕೊಟ್ಟು ಇಳಿದು ಹೋದಳು.

ಅಂದಿನಿಂದ ಕೆನ್ನೆ ಬಡಿದುಕೊಳ್ಳುವುದು ನಿಂತಿತು. ಆಮೇಲೆ ಒಂದು ದಿನ ಗೂಡು ಕೀಳಿಸು ಎಂದಳು. ಮರಿ ಹಾರುವವರೆಗೆ ತಡಿ ಎಂದು ಗೋಗರೆದೆ. ಹಾರಿದ ಮಾರನೆಯ ದಿನ ಗೂಡು ಇರಕೂಡದು ಎಂದು ನನ್ನಿಂದ ಮಾತು ತೆಗೆದುಕೊಂಡು, ತುಳಸಿ ಕುಂಡವನ್ನು ಮುಂಬಾಗಿಲಿಗೆ ಸಾಗಿಸಿದಳು. ಹಿತ್ತಲಿಗೆ ಕಾಲಿಡುವುದನ್ನೇ ಬಿಟ್ಟಳು.

ಯುಗಾದಿ ಕಳೆದು ಬಂದ ಮೊದಲ ಗಾಳಿಮಳೆಗೆ ಗೂಡಿನ ಅರ್ಧ ಕಿತ್ತುಬಂತು, ಜೊತೆಗೆ ಮರಿಯೂ. ರೆಕ್ಕೆ ಬಲಿತಿದ್ದರೂ ಹಾರಲು ಬಾರದು. ತೊಯ್ದು ಮುದ್ದೆಯಾಗಿ ಬೇಲಿ ಬದಿಯಲ್ಲಿ ಕೂತು ನಡುಗುತ್ತಿತ್ತು. ಅರಣ್ಯ ಇಲಾಖೆಗೆ ಫೋನು ಮಾಡಿದೆ. ಅದನ್ನು ಬೇರೆಡೆಗೆ ಒಯ್ಯಬೇಡಿ, ಬುಟ್ಟಿಯಲ್ಲಿಟ್ಟು ಅದೇ ಮರಕ್ಕೆ ಕಟ್ಟಿಸಿ, ಅಪ್ಪ ಅಮ್ಮ ಬರುತ್ತವೆ, ಅಲ್ಲಿಯವರೆಗೆ ಹಸಿ ಮೀನಿನ ಚೂರು ಕೊಡಿ ಎಂದರು. ಹೆಂಡತಿ ನನ್ನ ಮುಖ ನೋಡಿದಳು. ಮೀನಿನ ಮಾತು ಆಮೇಲೆ ನೋಡೋಣ ಎಂದು ಮರ ಹತ್ತುವವನನ್ನು ಕರೆತರಲು ಹೊಣಕೆರೆಗೆ ಸ್ಕೂಟರು ಓಡಿಸಿದೆ.

ಅವನನ್ನು ಕೂರಿಸಿಕೊಂಡು ವಾಪಸ್ ಬಂದಾಗ ಅವ್ವ ಹಿತ್ತಲಲ್ಲಿ ಮಣೆ ಹಾಕಿಕೊಂಡು ಕೂತಿದ್ದಳು. ಮೂಗಿಗೆ ಸೆರಗು ಬಿಗಿದಿದ್ದಳು. ಮುಂದೆ ಬಾಳೆಲೆಯ ಮೇಲೆ ಮೀನು. ತಾನೇ ಕೆರೆ ಏರಿಗೆ ಹೋಗಿ, ಮೀನಿನವನ ಕೈಲಿ ಚೂರು ಮಾಡಿಸಿ ತಂದಳಂತೆ. ನಾನು ಉಂಗುರಕ್ಕೆ ಹರಳು ಕೂರಿಸುವ ಚಿಮಟದಲ್ಲಿ ಒಂದು ಚೂರು ಹಿಡಿದು ಮರಿಯ ಕೊಕ್ಕಿನ ಮುಂದೆ ಆಡಿಸುತ್ತಿದ್ದಳು.

"ಅಂಗ್ಯಾಕ್ ನೋಡ್ತಾ ನಿಂತ್ಕಂಡಿದ್ದೀಯಲಾ? ಮುಳ್ಳು ತಗ್ದು ಕೊಡ್ಬೇಕಾ, ಅಂಗೇ ನುಂಗ್ತದಾ, ಆ ಫೋನ್ನವರ್ನ ಕೇಳು," ಅಂದಳು.

ಕೇಳುವ ಮೊದಲೇ ಮರಿ ಗಬಕ್ಕನೆ ನುಂಗಿತು. ಅವ್ವನ ಮುಖದಲ್ಲಿ ಆಗ ಮೂಡಿದ ನಗುವನ್ನು ಸೆರಗಿಗೂ ಮುಚ್ಚಲಾಗಲಿಲ್ಲ.

ರಾಗಿ ಮಂಕರಿಯಲ್ಲಿ ಮರಿಯನ್ನಿಟ್ಟು ಮರದ ಕವಲಿಗೆ ಬಿಗಿಯಾಗಿ ಕಟ್ಟಿಸಿದೆವು. ಮಾರನೆಯ ದಿನ ಮಧ್ಯಾಹ್ನವಾದರೂ ದೊಡ್ಡವೆರಡೂ ಸುತ್ತುತ್ತಿದ್ದವೇ ಹೊರತು ಇಳಿಯಲಿಲ್ಲ. ಅವ್ವನ ಕಾಫಿ ಲೋಟ ತಣ್ಣಗಾಗಿ ಕೆನೆ ಕಟ್ಟಿತು. ಕೊನೆಗೆ ಒಂದು ಗರುಡ ಮೀನು ಹಿಡಿದು ಬಂದು ಮಂಕರಿಯ ಅಂಚಿಗೆ ಕೂತಿತು. ಅವ್ವ ಎದ್ದು ನಿಂತು ಕೆನ್ನೆ ಬಡಿದುಕೊಂಡಳು, ಆಮೇಲೆ ಬಿಸಿ ಕಾಫಿ ಕೊಡು ಎಂದು ಸೊಸೆಗೆ ಹೇಳಿದಳು.

ಕೆಲವು ದಿನಗಳಲ್ಲಿ ಮರಿ ಕೊಂಬೆಯಿಂದ ಕೊಂಬೆಗೆ ನೆಗೆಯಿತು, ಒಂದು ಬೆಳಗ್ಗೆ ಕೆರೆಯ ಕಡೆ ಹಾರಿಯೇ ಹೋಯಿತು. ಕೊಟ್ಟ ಮಾತಿನಂತೆ ಗೂಡು ಕೀಳಿಸಲೇನವ್ವ ಎಂದು ಕಾಡಿಸಿದೆ. ಅದು ಅವಳ ಕಿವಿಗೇ ಬೀಳಲಿಲ್ಲ. "ಅದ್ಕೆ ಮೀನಿಡಿಯಕ್ ಬತ್ತದೇನ್ಲಾ?" ಎಂದು ಕೇಳಿದಳು. ಸಂಜೆಯೂ ಅದನ್ನೇ ಕೇಳಿದಳು, ಮರುದಿನವೂ ಅದನ್ನೇ, ತಿಂಗಳು ಕಳೆದರೂ ಅದನ್ನೇ.

ತಡೆಯಲಾರದೆ ಸ್ಕೂಟರಿನಲ್ಲಿ ಕೆರೆ ಏರಿಗೆ ಕರೆದೊಯ್ದೆ. ನಮ್ಮ ಮರಿ ನೀರಿನ ಮೇಲೆ ಸುತ್ತುತ್ತಿತ್ತು. ಇನ್ನೂ ಕಂದು ಬಣ್ಣ, ದೇವರ ಕಳೆ ಬಂದಿರಲಿಲ್ಲ. ಎರಗಿತು, ಬರಿಗಾಲಲ್ಲಿ ಎದ್ದಿತು. ಮತ್ತೆ ಎರಗಿತು, ಮತ್ತೆ ಬರಿಗಾಲು. ಅವ್ವ ನನ್ನ ತೋಳನ್ನು ಉಗುರು ಊರುವಷ್ಟು ಬಿಗಿಯಾಗಿ ಹಿಡಿದಿದ್ದಳು. ಇನ್ನೊಂದು ಸಲ ಇಳಿದು ಎದ್ದಾಗ ಅದರ ಕಾಲಲ್ಲಿ ಬೆಳ್ಳಗೆ ಏನೋ ಮಿಂಚಿ ಒದ್ದಾಡುತ್ತಿತ್ತು.

ಏರಿಯ ಮೇಲಿದ್ದ ಮೀನಿನವನಿಗೆ ಅವ್ವನ ಗುರುತು ಸಿಕ್ಕಿತು. ಇವತ್ತೆಷ್ಟು ಕೊಡಲಿ ಅವ್ವ ಎಂದು ಕೇಳಿದ.

"ಇನ್ ಬ್ಯಾಡ ಕಣಪ್ಪ," ಅಂದಳು ಅವ್ವ, ಏರಿಯ ಮೇಲಿದ್ದವರಿಗೆಲ್ಲ ಕೇಳುವ ಹಾಗೆ. "ಈಗ ನಮ್ಮುಡ್ಗ ತಾನೇ ಇಡ್ಕತಾವ್ನೆ."