ಕಳ್ಳ ಒಡೆಯದ ಲೈಟು

ವಿಮೆಯ ಸರ್ವೆಯರು ನನ್ನ ಕಾರಿನ ಬಾನೆಟ್ಟಿಗೆ ಅಂಟಿದ್ದ ಅರಿಸಿನವನ್ನು ಉಗುರಿನಿಂದ ಕೆರೆದು, ಮೂಸಿ ನೋಡಿ, ಈ ಗಾಡಿ ಕಳುವಾಗಿತ್ತೋ ಇದಕ್ಕೆ ಮದುವೆಯಾಗಿತ್ತೋ ಎಂದು ತೆಲುಗಿನಲ್ಲಿ ಕೇಳಿದರು. ಮುಂದೆ ಚೆಂಡು ಹೂವಿನ ಹಾರ, ನಾಲ್ಕೂ ಗಾಲಿಗೆ ಕುಂಕುಮ, ಬಂಪರಿಗೆ ನಿಂಬೆಹಣ್ಣು ಮೆಣಸಿನಕಾಯಿ. ಮೂರು ವಾರ ಕಳ್ಳನ ಮನೆಯಲ್ಲಿದ್ದು ಬಂದ ಗಾಡಿ ಎಂದರೆ ಯಾರು ನಂಬುತ್ತಾರೆ?

ಆದದ್ದು ಇಷ್ಟು. ಹೈದರಾಬಾದಿನ ಕಾಚಿಗೂಡ ಸ್ಟೇಷನ್ನಿನಲ್ಲಿ ಒಬ್ಬ ಅಜ್ಜಿಯ ಗಂಟುಗಳನ್ನು ಹೊತ್ತು ಪ್ಲಾಟ್‌ಫಾರ್ಮಿನವರೆಗೆ ಬಿಟ್ಟು ಬರುವಷ್ಟರಲ್ಲಿ ನನ್ನ ಕಾರು ಇರಲಿಲ್ಲ. ಅದು ನಿಂತಿದ್ದ ಜಾಗದಲ್ಲಿ ಆಗಲೇ ಬೇರೆ ಗಾಡಿ ಬಂದು, ಅದರ ಡ್ರೈವರು ಸೀಟು ಹಿಂದಕ್ಕೆ ಮಾಡಿ ಗೊರಕೆ ಹೊಡೆಯುತ್ತಿದ್ದ. ಪೊಲೀಸರಿಗೆ ಬರೆದುಕೊಟ್ಟೆ, ವಿಮೆ ಕಚೇರಿಗೂ ಬರೆದುಕೊಟ್ಟೆ. ಕಚೇರಿಯವರು, ಅವಸರ ಯಾಕೆ, ಸಿಕ್ಕರೂ ಸಿಗಬಹುದು ಎಂದರು. ಸಿಕ್ಕಿತು. ಮೂರು ವಾರಕ್ಕೆ ಪೊಲೀಸರು ಹುಡುಕಿ ಕೊಟ್ಟರು. ಕಚೇರಿಗೆ ಹೋಗಿ ಹೇಳಿದೆ. ಸಿಕ್ಕಿತಲ್ಲ, ಮತ್ತೆ ಯಾಕೆ ಬಂದೆ ಎಂದರು. ಕಳುವಿನ ಫೈಲು ಮುಚ್ಚಿ ರಿಪೇರಿಯ ಫೈಲು ತೆರೆಯಬೇಕಂತೆ. ಮುಚ್ಚುವ ಸಾಹೇಬರು ರಜೆಯಲ್ಲಿದ್ದರು. ತೆರೆಯುವ ಸಾಹೇಬರು, ಮುಚ್ಚದೆ ಹೇಗೆ ತೆರೆಯಲಿ ಎಂದು ಚಹಾ ಕುಡಿಯುತ್ತಿದ್ದರು. ನೀವೇ ಹೇಳಿ, ಕಳ್ಳ ನನ್ನ ಹತ್ತಿರ ಒಂದು ಸಹಿ ಕೇಳಲಿಲ್ಲ, ಒಂದು ಝೆರಾಕ್ಸ್ ಕೇಳಲಿಲ್ಲ, ಮುಂದಿನ ವಾರ ಬಾ ಎನ್ನಲಿಲ್ಲ. ಕೆಲಸ ಎಂದರೆ ಹಾಗಿರಬೇಕು.

ನನಗೆ ಅವಸರವಿತ್ತು. ಪಟಾನ್‌ಚೆರುವಿನ ಔಷಧಿ ಕಾರ್ಖಾನೆಗೆ ಬೆಳಗಿನ ಪಾಳಿಯವರನ್ನು ಕರೆದೊಯ್ಯುವುದು ನನ್ನ ಕೆಲಸ. ಒಂದನೇ ತಾರೀಕಿಗೆ ಗಾಡಿ ಬರದಿದ್ದರೆ ಬೇರೆಯವನನ್ನು ಹಚ್ಚುತ್ತೇನೆ ಎಂದು ಠೇಕೇದಾರ ಹೇಳಿಬಿಟ್ಟಿದ್ದ. ಕಳ್ಳ ಸ್ಟೇರಿಂಗಿನ ಕೆಳಗಿನ ವೈರು ಕಿತ್ತಿದ್ದ, ಎಡಬಾಗಿಲು ಜಜ್ಜಿದ್ದ, ಹಿಂದಿನ ಸೀಟು ಹರಿದಿದ್ದ. ಸರ್ವೆಯರು ನೋಡಿ ಬರೆಯುವ ತನಕ ಮೆಕ್ಯಾನಿಕ್ಕು ಒಂದು ಸ್ಕ್ರೂ ಸಹ ತಿರುಗಿಸುವಂತಿಲ್ಲ. ಫೈಲು ಹೇಗೋ ತೆರೆದ ಮೇಲೂ ಅವರ ದಾರಿ ಕಾಯುತ್ತಲೇ ದಿನಗಳು ಹೋದವು.

ರಿಪೇರಿ ಮಾಡಬೇಡ ಎಂದಿದ್ದರು. ಪೂಜೆ ಮಾಡಬೇಡ ಎಂದಿರಲಿಲ್ಲ. ಗಾಡಿಯನ್ನು ಎಳೆದು ತಂದು ಮನೆ ಮುಂದೆ ನಿಲ್ಲಿಸಿ ನಾನು ಊಟಕ್ಕೆ ಕುಳಿತಿದ್ದೆ. ಹೊರಗೆ ಬಕೆಟ್ಟಿನ ಸದ್ದು.

"ಅವ್ವಾ, ಏನ್ ಮಾಡಾಕತ್ತೀ? ಅದನ್ನ ಮುಟ್ಟಬಾರ್ದು!"

"ಯಾವನೋ ಹಲ್ಕಟ್ ಕುಂತು ಎದ್ದ ಗಾಡಿ ಇದು. ತೊಳೀಲಾರದ ಹಂಗ ಇಡ್ತಾರೇನೋ ಮನಿ ಮುಂದ?"

ಕಳ್ಳನ ಕೆಸರು, ಕಳ್ಳನ ಕೈಗುರುತು, ಕಳ್ಳ ಉಗುಳಿದ್ದ ಗುಟ್ಕಾ, ಎಲ್ಲ ಮೋರಿ ಸೇರಿತು. ಆಮೇಲೆ ಅರಿಸಿನ, ಕುಂಕುಮ, ಹಾರ. ಕೊನೆಗೆ ದೃಷ್ಟಿ ತೆಗೆದು ತೆಂಗಿನಕಾಯಿಯನ್ನು ಮುಂದಿನ ಕಲ್ಲಿಗೆ ಹೊಡೆಯಲು ಹೋದಳು. ಅದು ಕೈ ಜಾರಿ ಬಲಗಡೆಯ ಹೆಡ್‌ಲೈಟಿಗೆ ಬಡಿಯಿತು. ಲೈಟು ಒಡೆಯಿತು. ಕಾಯಿ ಒಡೆಯಲಿಲ್ಲ.

ಇರಲಿ, ಇದೂ ಕಳ್ಳನ ಖಾತೆಗೆ ಹೋಗಲಿ ಎಂದುಕೊಂಡೆ. ಅಷ್ಟೆಲ್ಲ ಮಾಡಿದವನು ಇದೊಂದನ್ನು ಮಾಡಿರಬಾರದೇ? ನನ್ನ ಧೈರ್ಯ ಏನೆಂದರೆ, ಸರ್ವೆಯರು ತೆಲುಗಿನವರು. ಇಲ್ಲಿ ಉಪ್ಪಲ್‌ನಲ್ಲಿ ಇಷ್ಟು ವರ್ಷ ಇದ್ದರೂ ಅವ್ವನ ತೆಲುಗು ತರಕಾರಿ ಬಂಡಿ ದಾಟಿ ಮುಂದೆ ಹೋಗಿಲ್ಲ. ಆದ್ದರಿಂದ ಮದುವೆಯ ಮಾತು ಮುಗಿದ ಮೇಲೆ ನಾನು ತೆಲುಗಿನಲ್ಲಿಯೇ ವೈರು, ಬಾಗಿಲು, ಸೀಟು, ಲೈಟು ಎಂದು ತೋರಿಸುತ್ತಾ ಹೋದೆ. ಅವರು ಬರೆಯುತ್ತಾ ಬಂದರು. ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ಅವ್ವ ನನ್ನನ್ನು ಬೈದಳು.

"ಎತ್ತಿನಂಗ ನಿಂತಾನ ನೋಡು. ಸಾಹೇಬ್ರಿಗೆ ಒಂದ್ ಕುರ್ಚಿ ತಂದು ಹಾಕೋ!"

ಸರ್ವೆಯರ ಪೆನ್ನು ನಿಂತಿತು. "ಯಾವೂರವ್ವಾ ನಿಮ್ದು?"

"ಕಲಬುರಗಿ ಕಡಿಯವ್ರರಿ. ನೀವ್ರೀ?"

"ನಾ ರಾಯಚೂರಾಂವ."

ಮುಗಿಯಿತು. ಹೈದರಾಬಾದಿನಲ್ಲಿ ಕನ್ನಡದವರು ಸಿಕ್ಕರೆ ನಮ್ಮವರಿಗೆ ಏನಾಗುತ್ತದೆ ಎಂದು ನಿಮಗೆ ಗೊತ್ತಿರಬಹುದು. ಎರಡು ನಿಮಿಷದಲ್ಲಿ ಆತ ಅಣ್ಣನಾದ, ಚಹಾಕ್ಕೆ ಶುಂಠಿ ಬಿತ್ತು, ಅವ್ವನ ಮೊಣಕಾಲು ನೋವಿನಿಂದ ಹಿಡಿದು ನನ್ನ ಹಟದವರೆಗೆ ಎಲ್ಲ ಹೊರಬಿತ್ತು. ನಾನು ಅವಳ ಕಾಲು ಮೆಲ್ಲಗೆ ತುಳಿದೆ.

"ಕಾಲ್ಯಾಕ ತುಳೀತೀಯೋ?" ಎಂದು ಜೋರಾಗಿ ಕೇಳಿ, ಅವರ ಕಡೆ ತಿರುಗಿದಳು. "ಯಣ್ಣಾ, ಆ ಲೈಟು ಕಳ್ಳ ಒಡದಿದ್ದಲ್ಲರಿ. ನಾ ಒಡದಿದ್ದು, ಟೆಂಗಿನಕಾಯ್ಲೆ. ಅಂವ ಮಾಡಿದ್ದಕ್ಕ ಅಂವ ಅನುಭವಿಸ್ಲಿ. ಮಾಡಲಾರದ್ದು ಅವನ ಮ್ಯಾಲ ಯಾಕ ಹಾಕೂದು?"

ಸರ್ವೆಯರು ನನ್ನನ್ನು ನೋಡಿದರು. "ನೀ ಏನಂತೀಪಾ?"

"ಆಕಿ ಅಂದದ್ದು ಖರೇರಿ," ಎಂದೆ. ಮತ್ತೇನು ಹೇಳಲಿ?

ಅವರು ಲೈಟಿನ ಮೇಲೆ ಗೀಟು ಎಳೆದರು. ಇನ್ನು ಎಲ್ಲದರ ಮೇಲೂ ಎಳೆಯುತ್ತಾರೆ, ಒಂದನೇ ತಾರೀಕು ಹೋಯಿತು, ಪಟಾನ್‌ಚೆರು ಹೋಯಿತು ಎಂದು ನಾನು ನೆಲ ನೋಡುತ್ತಾ ನಿಂತೆ. ಆದರೆ ಅವರು ಎದ್ದು ಬಾಗಿಲು, ಸೀಟು, ವೈರುಗಳ ಫೋಟೊ ಹೊಡೆದುಕೊಂಡು ಅಲ್ಲೇ ಸಹಿ ಹಾಕಿದರು.

"ನಂಗ ಎಲ್ಲಾರೂ ಸಿಗೂದು ಕಳ್ಳನ ಹೆಸರಿಗೆ ಇನ್ನೊಂದು ಬರೀರಿ ಅನ್ನಾವ್ರ. ಒಂದು ತಗೀರಿ ಅಂದಾಕಿ ಈಕಿ ಒಬ್ಬಾಕಿ. ಉಳದಿದ್ದು ಕಳ್ಳಂದ ಅಂತ ನಂಬಾಕ ನಂಗ ಇಷ್ಟು ಸಾಕು. ನಾಳಿಗೇ ಗಾಡಿ ಗ್ಯಾರೇಜಿಗೆ ಹಾಕು," ಎಂದರು.

ತೆಲುಗಿನಲ್ಲಿ, ಹಿಂದಿಯಲ್ಲಿ, ಕೈಮುಗಿದು, ಕೂಗಾಡಿ ನಾನು ಮಾಡಿಸಲಾಗದ ಸಹಿಯನ್ನು ಅವ್ವ ತಪ್ಪೊಪ್ಪಿಕೊಂಡು ಮಾಡಿಸಿದಳು. ಇದರಿಂದ ನಾನು ಏನು ಕಲಿತೆ ಎಂದು ಕೇಳಬೇಡಿ. ಮುಂದಿನ ಸಲವೂ ನಾನು ಕಾಲು ತುಳಿಯುವವನೇ.

ಒಂದನೇ ತಾರೀಕು ಬೆಳಿಗ್ಗೆ ಪಾಳಿಯವರು ಗಾಡಿ ಹತ್ತಿದರು. ಹೊಸ ಬಾಗಿಲು, ಹೊಸ ಸೀಟು, ಬಣ್ಣದ ವಾಸನೆ. ಒಬ್ಬರು, ಏನಪ್ಪಾ, ಹೊಸ ಗಾಡಿ ತಗೊಂಡೆಯಾ ಎಂದು ತೆಲುಗಿನಲ್ಲಿ ಕೇಳಿದರು. ಹೌದು ಎಂದೆ. ಅಲ್ಲ ಎನ್ನಲು ಅವ್ವ ಗಾಡಿಯಲ್ಲಿರಲಿಲ್ಲ. ಇಷ್ಟೇ. ಇನ್ನು ಹೇಳುವುದಕ್ಕೆ ನನ್ನ ಹತ್ತಿರ ಏನೂ ಇಲ್ಲ.