ರುಚಿ ರಿಜಿಸ್ಟರು

ಸುಲೇಪೇಟದಿಂದ ದಿನಾ ಬಸ್ಸು ಹಿಡಿದು ಹಳ್ಳಿಯೊಂದರ ಸರ್ಕಾರಿ ಶಾಲೆಗೆ ಹೋಗುವ ಟೀಚರ್ ನಾನು. ಅಲ್ಲಿ ಬಿಸಿಯೂಟದ ಅಡುಗೆ ಮಾಡುವಾಕೆ ಒಬ್ಬ ಮುಸ್ಲಿಂ ಹೆಣ್ಣುಮಗಳು. ಗಂಡ ತೀರಿಹೋದ ಮೇಲೆ ಆ ಕೆಲಸದಿಂದಲೇ ಅವಳ ಮನೆ ನಡೆಯುತ್ತಿತ್ತು. ಮಕ್ಕಳೆಲ್ಲ ಚಿಕ್ಕಮ್ಮನನ್ನು ಕರೆದಂತೆ ಖಾಲಾ, ಖಾಲಾ ಎಂದು ಅವಳ ಸೆರಗು ಜಗ್ಗಿ ಇನ್ನೊಂದು ಸೌಟು ಸಾರು ಹಾಕಿಸಿಕೊಳ್ಳುತ್ತಿದ್ದರು.

ಹೋದ ವರ್ಷ ಯಾವನೋ ದರಿದ್ರದವನು ಊರಿನ ಫೋನುಗಳಿಗೆಲ್ಲ ಒಂದು ವಿಡಿಯೊ ಕಳಿಸಿದ. ಆ ಜನ ಅನ್ನದಲ್ಲಿ ಉಗುಳಿ ಬಡಿಸುತ್ತಾರಂತೆ! ಎಲ್ಲಿಯದು, ಯಾರು ಮಾಡಿದ್ದು, ಒಬ್ಬರೂ ಕೇಳಲಿಲ್ಲ. ಮರುದಿನವೇ ಮಕ್ಕಳ ಚೀಲಗಳಲ್ಲಿ ಮನೆಯ ಡಬ್ಬಿಗಳು ಬಂದವು. ವಾರದ ಮೇಲೆ ಹೆಡ್ ಮಾಸ್ತರರು, "ಮಕ್ಕಳು ಉಣ್ಣಲಿಲ್ಲಂದ್ರ ಅಡಗಿಗೆ ಬ್ಯಾರೆಯವರನ್ನ ಹಚ್ಚಬೇಕಾಗ್ತದ್ರಿ, ನಾ ಏನ್ ಮಾಡ್ಲಿ?" ಎಂದು ಕೈಚೆಲ್ಲಿದರು.

ನನಗೆ ಮೈಯೆಲ್ಲ ಉರಿಯಿತು. ನಾಲ್ಕನೇ ತರಗತಿಗೆ ಹೋದವಳೇ ಒದರಿದೆ: "ಇಷ್ಟ್ ವರ್ಷ ಆಕಿ ಕೈಯಾಗ ಉಂಡೀರಿ, ಒಬ್ಬರದ್ದರ ಹೊಟ್ಟಿ ಕೆಟ್ಟಾದೇನು? ಉಂಡ ಮನಿಗೆ ಎರಡು ಬಗೀಲಿಕತ್ತೀರಿ, ನಾಚಿಕಿ ಬರಂಗಿಲ್ಲ?"

ಮುಂದಿನ ಸಾಲಿನ ಹುಡುಗಿ ಎದ್ದು ನಿಂತಳು. "ಅಕ್ಕೋರ, ನೀವೂ ಮನಿ ಡಬ್ಬೀನೇ ಉಣ್ತೀರಲ್ರಿ?"

ಮಕ್ಕಳಿಗೆ ಬಡಿಸುವ ಮೊದಲು ಟೀಚರೊಬ್ಬರು ಅಡುಗೆಯ ರುಚಿ ನೋಡಿ, ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಬೇಕು. ಆ ಕೆಲಸ ನನ್ನದು. ಆರು ವರ್ಷ ದಿನಾ "ರುಚಿ ಚೆನ್ನಾಗಿದೆ" ಎಂದು ಬರೆದಿದ್ದೆ, ಒಂದು ಅಗುಳೂ ಬಾಯಿಗೆ ಹಾಕಿರಲಿಲ್ಲ. ನಮ್ಮ ಮನೆಯಲ್ಲಿ ಅವರ ಕೈಯಡುಗೆ ಉಣ್ಣುವ ರೂಢಿ ಇಲ್ಲ, ಅಷ್ಟೇ ಎಂದುಕೊಂಡಿದ್ದೆ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ! ವಿಡಿಯೊ ಕಳಿಸಿದವನಿಗಿಂತ ಮೊದಲು ನನ್ನ ಕೆನ್ನೆಗೆ ಬಾರಿಸಬೇಕಿತ್ತು.

ಮಧ್ಯಾಹ್ನ ಡಬ್ಬಿ ಬಿಚ್ಚದೆ, ತಾಟು ಹಿಡಿದು ಮಕ್ಕಳ ಸಾಲಿನಲ್ಲಿ ಕುಳಿತೆ. ಖಾಲಾ ಬಂದು ಬಡಿಸಿದಳು. ಎಲ್ಲರ ಕಣ್ಣೂ ನನ್ನ ಬಾಯಿಯ ಮೇಲೆ. ನಾನು ಎರಡು ತುತ್ತು ನುಂಗಿದ್ದೇ ತಡ, ಆ ಹುಡುಗಿ ತಾಟು ತಂದು ಪಕ್ಕದಲ್ಲಿ ಕುಳಿತು, "ನನಗೂ ಹಾಕು ಖಾಲಾ" ಅಂದಳು. ಅವಳ ಹಿಂದೆ ನಾಲ್ಕು ಮಕ್ಕಳು ಬಂದರು. ಉಳಿದವರು ಬರುವುದಕ್ಕೆ ಒಂದು ತಿಂಗಳು ಹಿಡಿಯಿತು, ಕೆಲವು ತಾಯಂದಿರ ಜೊತೆ ನಾನು ಬಾಗಿಲಲ್ಲೇ ನಿಂತು ಜಗಳವಾಡಿದೆ. ಖಾಲಾಳ ಕೆಲಸ ಉಳಿಯಿತು.

ಮೊದಲ ದಿನ ಉಂಡೆದ್ದು ರಿಜಿಸ್ಟರಿನಲ್ಲಿ "ಸಾರಿಗೆ ಉಪ್ಪು ಕಡಿಮೆ" ಎಂದು ಬರೆದು, ಎಂದಿನಂತೆ ಖಾಲಾಳಿಗೆ ಓದಿ ಹೇಳಿದೆ. ಅವಳು ಪಾತ್ರೆ ತಿಕ್ಕುವುದನ್ನು ನಿಲ್ಲಿಸಿದಳು.

"ಆರು ವರ್ಷದಾಗ ಭಾಳ ಸಲ ಉಪ್ಪು ಮರ್ತೀನ್ರಿ ಅಕ್ಕೋರ. ಆವತ್ತೂ ನೀವು ಚಲೋ ಅದ ಅಂತೇ ಬರದೀರಿ."